ರಮ್ಮಿ ಕೌಶಲದ ಆಟವೇ, ಆದರೆ ದುಡ್ಡು ಯಾರ ಜೇಬಿಗೆ? – ಜೂಜು ಮತ್ತು ಕಾನೂನು: ಅಧ್ಯಯನ ಟಿಪ್ಪಣಿ

ಸಮಾಜಶಾಸ್ತ್ರ, ಕಾನೂನು ಅಥವಾ ಆಡಳಿತದ ಪೇಪರ್‌ಗೆ ಜೂಜಿನ ಬಗ್ಗೆ ಓದುತ್ತಿರುವವರಿಗೆ ಇದು. ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ‘ಬೆಟ್ಟಿಂಗ್ ಮತ್ತು ಜೂಜು’ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 34ನೇ ನಮೂದು. ಅದಕ್ಕೇ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು. ನಮ್ಮ ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ. ಬಹುಮಾನ ಸ್ಪರ್ಧೆಗಳಿಗೆ ಸಂಬಂಧಿಸಿದ 1957ರ ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು: ಜೂಜು ಸಂವಿಧಾನ ಕಾಪಾಡುವ ವ್ಯಾಪಾರವಲ್ಲ, ಆದರೆ ಗೆಲುವು ಮುಖ್ಯವಾಗಿ ಕೌಶಲದಿಂದ ಬರುವುದಾದರೆ ಅದು ಜೂಜೇ ಅಲ್ಲ.

ಸಿಕ್ಕಿಹಾಕಿಕೊಳ್ಳುವ ಜಾಗ

1968ರ ಸತ್ಯನಾರಾಯಣ ಪ್ರಕರಣ ಎಲ್ಲರಿಗೂ ಬಾಯಿಪಾಠ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದರು, ಕೇಸಾಯಿತು. ಸುಪ್ರೀಂ ಕೋರ್ಟ್ ಏನು ಹೇಳಿತು? ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅಂತ ಯೋಚಿಸಬೇಕು, ಹಾಗಾಗಿ ಇದು ಮೂರೆಲೆ ಆಟದಂತೆ ಬರೀ ಅದೃಷ್ಟವಲ್ಲ, ಮುಖ್ಯವಾಗಿ ಕೌಶಲದ ಆಟ. ಸರಿ. ಹಾಗಾದರೆ ಕೌಶಲದ ಆಟ ಆಡಿ ಇಷ್ಟೊಂದು ಮನೆಗಳು ಸಾಲಕ್ಕೆ ಬಿದ್ದಿದ್ದು ಹೇಗೆ? ಈ ಪ್ರಶ್ನೆ ನನ್ನನ್ನು ತುಂಬಾ ಕಾಡಿತು. ಲೆಕ್ಕ ಹಾಕಿ ನೋಡಿದ ಮೇಲೇ ಬಿಡಿಸಿಕೊಂಡಿದ್ದು, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ.

ಇಬ್ಬರು ಸಮಬಲದ ಆಟಗಾರರು ರಮ್ಮಿ ಆ್ಯಪ್‌ನಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ತಲಾ 100 ರೂಪಾಯಿ. ಒಟ್ಟು 200. ಕಂಪನಿ ಶೇ 10 ಕಮಿಷನ್ ಹಿಡಿಯುತ್ತದೆ, ಅಂದರೆ 20. ಗೆದ್ದವನಿಗೆ 180. ಹತ್ತು ಆಟ ಆಡಿ ಐದೈದು ಗೆದ್ದರು. ಪ್ರತಿಯೊಬ್ಬನೂ ಹಾಕಿದ್ದು 1,000, ವಾಪಸ್ ಬಂದಿದ್ದು 900. ಇಬ್ಬರೂ ಸೋತರು! ಕಂಪನಿಗೆ 200. ಯಾರೂ ಮೋಸ ಮಾಡಿಲ್ಲ, ಇಬ್ಬರಿಗೂ ಕೌಶಲ ಇದೆ, ಆದರೂ ಇಬ್ಬರ ಜೇಬೂ ಖಾಲಿಯಾಗುತ್ತಿದೆ. ಅಸಲು ಉಳಿಯಬೇಕಾದರೆ ನೂರಕ್ಕೆ ಸುಮಾರು 56 ಆಟ ಗೆಲ್ಲಬೇಕು (100 ಭಾಗಿಸು 180). ಒಬ್ಬ 56 ಗೆದ್ದರೆ ಇನ್ನೊಬ್ಬ 44ಕ್ಕೆ ಇಳಿಯುತ್ತಾನೆ, ಅಲ್ವಾ? ಕಮಿಷನ್ ಶೇ 15 ಅಂತ ಹಾಕಿ ನೀವೇ ಮಾಡಿ ನೋಡಿ, 59ರ ಹತ್ತಿರ ಬರಬೇಕು.

ಈಗ ಕೌಶಲ ಏನು ಮಾಡುತ್ತದೆ ನೋಡಿ. ಪಳಗಿದವನು ಹೊಸಬನಿಂದ ಗೆಲ್ಲುತ್ತಾನೆ. ಬರೀ ಅದೃಷ್ಟದ ಆಟದಲ್ಲಿ ಹೊಸಬನಿಗೂ ಸಮಪಾಲು ಅವಕಾಶ ಇರುತ್ತದೆ, ಇಲ್ಲಿ ಅದೂ ಇಲ್ಲ. ಅಂದರೆ ಕೌಶಲ ಜಾಸ್ತಿಯಾದಷ್ಟೂ ಹೊಸಬನ ಸೋಲು ಖಾತ್ರಿ. ಕೋರ್ಟ್ ಕೇಳಿದ್ದು ಆಟ ಎಂಥದ್ದು ಅಂತ. ಸಮಾಜಕ್ಕೆ ಬೇಕಾದ ಪ್ರಶ್ನೆ ಬೇರೆ: ದುಡ್ಡು ಯಾವ ಕಡೆ ಹರಿಯುತ್ತಿದೆ? ಈ ಎರಡನ್ನೂ ಒಂದೇ ಅಂದುಕೊಂಡರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗುರುತು ಹಾಕಿಕೊಳ್ಳಿ. ಅದೇ 1968ರ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಕ್ಲಬ್ ನಡೆಸುವವರು ದುಡ್ಡು ಕಟ್ಟಿ ಆಡುವ ರಮ್ಮಿಯಿಂದ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಆಗಬಹುದು. ಕೂರಲು ಒಂದಿಷ್ಟು ಶುಲ್ಕ ತೆಗೆದುಕೊಳ್ಳುವುದು ತಪ್ಪಲ್ಲ ಅಂದರು, ಅಷ್ಟೇ. ನಾವು ಅರ್ಧ ತೀರ್ಪನ್ನು ಮಾತ್ರ ಓದಿಕೊಂಡು ಬರುತ್ತಿದ್ದೇವೆ.

ಮಟ್ಕಾ

ಇಲ್ಲಿ ಗೊಂದಲ ಇಲ್ಲ. ಉತ್ತರ ಕರ್ನಾಟಕದ ಪೊಲೀಸ್ ಸುದ್ದಿಗಳಲ್ಲಿ ‘ಒಂದು ರೂಪಾಯಿಗೆ 80 ರೂಪಾಯಿ’ ಅಂತ ಕೂಗುತ್ತಾ ಚೀಟಿ ಬರೆದುಕೊಡುತ್ತಿದ್ದವನನ್ನು ಹಿಡಿದರು ಅಂತ ಓದಿರುತ್ತೀರಿ. 00ರಿಂದ 99ರವರೆಗೆ ನೂರು ಅಂಕಿ, ಬರುವುದು ಒಂದು. ನೂರು ಅಂಕಿಗೂ ಒಂದೊಂದು ರೂಪಾಯಿ ಕಟ್ಟಿದರೆ ನೂರು ರೂಪಾಯಿಗೆ 80 ವಾಪಸ್. ಇಪ್ಪತ್ತು ನಡೆಸುವವನಿಗೆ.

ಕರ್ನಾಟಕ, ಆಮೇಲೆ ಕೇಂದ್ರ

2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ, ಕೌಶಲದ ಆಟವಾದರೂ ಸರಿ, ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿ ಆಡುವಂತಿಲ್ಲ ಅಂತ ತಂದಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದು ಮಾಡಿತು: ದುಡ್ಡು ಕಟ್ಟಿದ ಮಾತ್ರಕ್ಕೆ ಕೌಶಲದ ಆಟ ಜೂಜಾಗುವುದಿಲ್ಲ. ಕೌಶಲವೋ ಅದೃಷ್ಟವೋ ಅನ್ನುವ ಹಳೇ ಒರೆಗಲ್ಲಿನ ಪ್ರಕಾರ ಇದು ನ್ಯಾಯವೇ. ಆದರೆ ಆ ಒರೆಗಲ್ಲೇ ಸಾಲದು ಅನ್ನುವುದು ನನ್ನ ವಾದ.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಕೌಶಲವೋ ಅದೃಷ್ಟವೋ ಅಂತ ಅದು ಕೇಳುವುದೇ ಇಲ್ಲ. ದುಡ್ಡಿನ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಆಡಿದವರಿಗೆ ಶಿಕ್ಷೆ ಇಲ್ಲ. ಈ ಕೊನೆಯದು ನನಗೆ ತುಂಬಾ ಮುಖ್ಯ ಅನಿಸುತ್ತದೆ. ‘ಜವಾಬ್ದಾರಿಯಿಂದ ಆಡಿ’ ಅಂತ ಕಂಪನಿಗಳು ಹೇಳುವಾಗ ತಪ್ಪೆಲ್ಲ ಸೋತವನ ಸ್ವಭಾವದ್ದು ಅಂತ ಆಗಿಬಿಡುತ್ತದೆ. ಈ ಕಾಯ್ದೆ ಆ ಹೊಣೆಯನ್ನು ನಡೆಸುವವರ ಮೇಲೆ ಹಾಕುತ್ತದೆ. ಇದನ್ನು ಪ್ರಶ್ನಿಸಿದ ಅರ್ಜಿಗಳೂ ಸುಪ್ರೀಂ ಕೋರ್ಟ್‌ಗೆ ಹೋಗಿವೆ.

ಈ ಕಾಯ್ದೆಯ ಹೊರಗೆ ಉಳಿದದ್ದು

ಬೆಂಗಳೂರಿನ ರೇಸ್‌ಕೋರ್ಸ್ ಒಳಗೆ ಕುದುರೆ ಮೇಲೆ ಬಾಜಿ ಕಟ್ಟುವುದು ಕಾನೂನುಬದ್ಧ. ಕುದುರೆ ರೇಸೂ ಕೌಶಲವೇ ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊರಿನ ಅರಳಿಕಟ್ಟೆಯಲ್ಲಿ ಅಂದರ್ ಬಾಹರ್ (ಬರೀ ಅದೃಷ್ಟದ ಇಸ್ಪೀಟ್ ಆಟ) ಆಡಿದವನನ್ನು ಜೀಪಿಗೆ ಹತ್ತಿಸುತ್ತಾರೆ. ಲಾಟರಿಯನ್ನು ಕರ್ನಾಟಕ 2007ರಲ್ಲಿ ನಿಲ್ಲಿಸಿತು, ಕೇರಳ ಸರ್ಕಾರವೇ 1967ರಿಂದ ನಡೆಸುತ್ತಿದೆ. 2024ರ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ಟಿವಿಗಳು ಅವರ ಮನೆ ಮುಂದೆ ನಿಂತವು. 500 ರೂಪಾಯಿ ಕೊಟ್ಟು ಟಿಕೆಟ್ ತೆಗೆದು ಏನೂ ಬಾರದವರ ಮನೆಗೆ ಯಾವ ಕ್ಯಾಮೆರಾವೂ ಹೋಗಲಿಲ್ಲ. ಸರ್ಕಾರವೇ ಲಾಟರಿ ಮಾರಿದರೂ ಲೆಕ್ಕ ಮೇಲಿನದೇ: ಬಂದ ದುಡ್ಡಿನಲ್ಲಿ ಬಹುಮಾನಕ್ಕೆ ಎಷ್ಟು, ನಡೆಸುವವರಿಗೆ ಎಷ್ಟು ಅಂತ ಮೊದಲು ಬರೆದುಕೊಳ್ಳಿ, ಆಮೇಲೆ ಉತ್ತರ ಶುರು ಮಾಡಿ.