ಪದ ಪರಿಚಯ: ನಮೂನೆ 4ಎ

ಮನೆಯಲ್ಲಿ ಸಾವಾದರೆ ನಗರದ ಚಿತಾಗಾರದಲ್ಲಿ ಮೊದಲು ಕೇಳುವುದು ‘ಡಾಕ್ಟರ್ ಲೆಟರ್’. ಕಾನೂನಿನ ಲೆಕ್ಕದಲ್ಲಿ ಅದು ನಮೂನೆ 4ಎ, ಅಂದರೆ ಆಸ್ಪತ್ರೆಯ ಹೊರಗೆ ಸತ್ತವರ ಸಾವಿನ ಕಾರಣ ತಿಳಿಸುವ ವೈದ್ಯಕೀಯ ಪ್ರಮಾಣಪತ್ರ. ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರಿಗೆ ನಮೂನೆ 4. ಬ್ಯಾಂಕು, ವಿಮೆಯವರು ಕೇಳುವ ಮರಣ ಪ್ರಮಾಣಪತ್ರವೇ ಬೇರೆ. ಅದನ್ನು ನೋಂದಣಾಧಿಕಾರಿ ಆಮೇಲೆ ಕೊಡುತ್ತಾರೆ.

4ಎಗೆ ಸಹಿ ಹಾಕಬೇಕಾದವರು ಯಾರೋ ಒಬ್ಬ ವೈದ್ಯರಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 10(3)ನೇ ಕಲಂ ಪ್ರಕಾರ, ಸತ್ತವರನ್ನು ಕೊನೆಯ ಕಾಯಿಲೆಯಲ್ಲಿ ನೋಡುತ್ತಿದ್ದ ವೈದ್ಯರೇ ಬರೆದುಕೊಡಬೇಕು. ‘ಇಂಥ ದಿನದಿಂದ ಇಂಥ ದಿನದವರೆಗೆ ನನ್ನ ಚಿಕಿತ್ಸೆಯಲ್ಲಿದ್ದರು’ ಎಂಬ ಸಾಲೇ ಅದರ ಕೆಳಚೀಟಿಯಲ್ಲಿದೆ. ಜೊತೆಗೆ ವೈದ್ಯರ ನೋಂದಣಿ ಸಂಖ್ಯೆಯೂ ಬೇಕು. ಪಕ್ಕದ ಮನೆಯ ಡಾಕ್ಟರು ನಾಡಿ ನೋಡಿ ಪ್ರಾಣ ಹೋಗಿದೆ ಎನ್ನಬಹುದು, ಯಾಕೆ ಹೋಯಿತೆಂದು ಊಹಿಸಿ ಸಹಿ ಹಾಕುವಂತಿಲ್ಲ. ಆದ್ದರಿಂದ ಹಳೇ ಚೀಟಿ, ಡಿಸ್ಚಾರ್ಜ್ ಸಮ್ಮರಿ, ಆಧಾರ್ ಹಿಡಿದು ಖಾಯಂ ವೈದ್ಯರ ಬಳಿಗೇ ಹೋಗಿ. ಅದೇ ಕಲಂ ಪ್ರಕಾರ ಈ ಪತ್ರಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಹೆಚ್ಚು ಎಡವಟ್ಟಾಗುವುದು ಕಾರಣದ ಕಾಲಂನಲ್ಲಿ. ಮೊದಲ ಭಾಗದಲ್ಲಿ ಎ, ಬಿ, ಸಿ ಎಂದು ಮೂರು ಸಾಲು. ಮೇಲಿನದು ಕೊನೆಯಲ್ಲಿ ಜೀವ ತೆಗೆದದ್ದು, ಕೆಳಗಿನದು ಅದಕ್ಕೆಲ್ಲ ಮೂಲ: ನ್ಯುಮೋನಿಯಾ, ಅದಕ್ಕೆ ಕಾರಣ ಪಾರ್ಶ್ವವಾಯು, ಅದಕ್ಕೆ ಕಾರಣ ರಕ್ತದೊತ್ತಡ. ಎದುರಿಗೆ ಪ್ರತಿಯೊಂದೂ ಎಷ್ಟು ಕಾಲದಿಂದ ಇತ್ತು ಎಂದು ಬರೆಯಬೇಕು. ಜೊತೆಗಿದ್ದ ಸಕ್ಕರೆ ಕಾಯಿಲೆಯಂಥವು ಎರಡನೇ ಭಾಗಕ್ಕೆ. ಬರೀ ‘ಹೃದಯ ಸ್ತಂಭನ’ ಎಂದು ಬರೆದು ಕೈತೊಳೆದುಕೊಳ್ಳುವುದು ಮಾಮೂಲಿ ತಪ್ಪು. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದಲ್ಲ!

ಅಪಘಾತ, ವಿಷ, ಸುಟ್ಟಗಾಯ, ನೇಣು, ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳ ಅನುಮಾನಾಸ್ಪದ ಸಾವು, ಇಂಥವಕ್ಕೆ 4ಎ ಕೇಳಲೇಬೇಡಿ. ಪೊಲೀಸರಿಗೆ ತಿಳಿಸಬೇಕು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಅವರು ವಿಚಾರಣೆ ನಡೆಸುತ್ತಾರೆ. ಕಣ್ತಪ್ಪುವ ಪ್ರಕರಣವೊಂದಿದೆ: ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿ ತಿಂಗಳಾದ ಮೇಲೆ ಹಾಸಿಗೆಯಲ್ಲೇ ತೀರಿಕೊಂಡರೆ ಅದು ವಯಸ್ಸಿನ ಸಾವಿನಂತೆ ಕಾಣುತ್ತದೆ, ಆದರೆ ಮೂಲ ಕಾರಣ ಆ ಬೀಳುವಿಕೆ. ವೈದ್ಯರು ಸಹಿಗೆ ಹಿಂಜರಿದರೆ ಅದು ಮೊಂಡುತನವಲ್ಲ. ಮರಣೋತ್ತರ ಪರೀಕ್ಷೆಯಾದರೆ ಪೊಲೀಸರು ಶವ ಒಪ್ಪಿಸುವಾಗ ಕೊಡುವ ಪತ್ರವನ್ನು ಚಿತಾಗಾರದಲ್ಲಿ ತೋರಿಸಬೇಕು.

ಸಾವಿನ ನೋಂದಣಿಗೆ 21 ದಿನ ಕಾಲಾವಕಾಶ, ಆಮೇಲೆ ಸಾವಾದ 30ನೇ ದಿನದವರೆಗೆ ದಂಡ ಕಟ್ಟಿ ಮಾಡಿಸಬಹುದು. ಅಲ್ಲಿಯೂ 4ಎ ಬೇಕು. ಹಾಗಾಗಿ ಚಿತಾಗಾರಕ್ಕೆ ಕೊಡುವ ಮೊದಲೇ ಜೆರಾಕ್ಸ್ ತೆಗೆಸಿ, ಹೆಸರಿನ ಕಾಗುಣಿತ ಆಧಾರ್‌ನಲ್ಲಿರುವಂತೆಯೇ ಇದೆಯೇ ನೋಡಿಕೊಳ್ಳಿ.