ಪಿನ್ ಕಿತ್ತಿಲ್ಲ, ಮತ್ತೆ ಡಬಲ್ ಹೇಗಾಯಿತು?

ನೀರುಳ್ಳಿ ಬೇರಿನ ಕೋಶವೊಂದರಲ್ಲಿ ಜಿ-1 ಹಂತದಲ್ಲಿ, ಅಂದರೆ ಡಿಎನ್‌ಎ ನಕಲಾಗುವ ಮೊದಲು, ಆ ಡಿಎನ್‌ಎ ಹೊತ್ತ 16 ವರ್ಣತಂತುಗಳಿವೆ (ಕ್ರೋಮೋಸೋಮ್). ಡಿಎನ್‌ಎ ನಕಲಾಗುವ ಎಸ್ ಹಂತ ಮುಗಿಸಿ, ಕೋಶ ಒಡೆಯುವುದಕ್ಕೆ ಮುಂಚಿನ ಜಿ-2ಕ್ಕೆ ಬಂದಾಗ ಎಷ್ಟು? ಕೇಳಿ ಮುಗಿಸುವ ಮೊದಲೇ ಇಡೀ ಕ್ಲಾಸು ಒಂದೇ ಸ್ವರದಲ್ಲಿ "ಮೂವತ್ತೆರಡು ಮೇಡಂ" ಅನ್ನುತ್ತದೆ. ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೆ ಪ್ರತಿ ವರ್ಷ ಹೊಸ ಮುಖಗಳು, ಅದೇ ಮೂವತ್ತೆರಡು. ಡಿಎನ್‌ಎ ಡಬಲ್ ಆಯ್ತಲ್ಲ, ವರ್ಣತಂತುವೂ ಆಗಬೇಕಲ್ಲ ಎಂಬುದು ಅವರ ವಾದ.

ಕೋಶ ವಿಭಜನೆಯ ಹಂತಗಳಾದ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಇವರಿಗೆ ನಿದ್ದೆಯಲ್ಲೂ ಬರುತ್ತದೆ. ಚಿತ್ರವನ್ನೂ ಚಂದ ಬಿಡಿಸುತ್ತಾರೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಎಡವುವುದು ಎಣಿಕೆಯಲ್ಲಿ.

ನಮ್ಮ ಮಕ್ಕಳಿಗೆ ಜೆರಾಕ್ಸ್ ಅರ್ಥವಾದಷ್ಟು ಚೆನ್ನಾಗಿ ಇನ್ನೇನೂ ಅರ್ಥವಾಗುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಅಂಗಡಿ ಮುಂದಿನ ಸಾಲು ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಹೀಗೆ ಹೇಳುತ್ತೇನೆ: ನಿನ್ನ ಹತ್ತಿರ ಎಂಟು ಪಾಠದ ನೋಟ್ಸ್ ಉಂಟು. ಪ್ರತಿ ಪಾಠಕ್ಕೂ ಅಪ್ಪ ಬರೆದದ್ದು ಒಂದು, ಅಮ್ಮ ಬರೆದದ್ದು ಒಂದು; ಒಟ್ಟು 16. ಒಂದೊಂದರ ಜೆರಾಕ್ಸ್ ತೆಗೆದು ಅದರ ಮೂಲಪ್ರತಿಗೇ ಪಿನ್ ಹೊಡೆದೆ. ಕಾಗದ ಎರಡರಷ್ಟಾಯಿತು. ಕಟ್ಟು ಎಷ್ಟು? ಹದಿನಾರೇ! ಕಾಗದ ಎಂದರೆ ಡಿಎನ್‌ಎ, ಕಟ್ಟು ಎಂದರೆ ವರ್ಣತಂತು, ಮೂಲಪ್ರತಿ ಮತ್ತು ಜೆರಾಕ್ಸ್ ಸೋದರ ಕ್ರೋಮ್ಯಾಟಿಡ್‌ಗಳು, ಪಿನ್ ಎಂದರೆ ಅವೆರಡೂ ಕೂಡಿಕೊಂಡಿರುವ ಜಾಗವಾದ ಸೆಂಟ್ರೋಮಿಯರ್ ಬಳಿಯ ಬೆಸುಗೆ.

ಒಂದು ಕೋಶ ತನ್ನಂಥದೇ ಎರಡಾಗುವ ಮೈಟೋಸಿಸ್‌ನಲ್ಲಿ ಈ ಪಿನ್ ಕೀಳುವುದು ಅನಾಫೇಸ್‌ನಲ್ಲಿ. ಆಗ ಸ್ವಲ್ಪ ಹೊತ್ತು ಒಂದೇ ಕೋಶದೊಳಗೆ ನಿಜಕ್ಕೂ 32 ಇರುತ್ತವೆ. ಕೋಶ ಎರಡಾದ ಮೇಲೆ ಆಚೆ 16, ಈಚೆ 16. ಮಕ್ಕಳ ಉತ್ತರ ಸುಳ್ಳಲ್ಲ ಮಾರಾಯ್ರೆ, ಸಮಯಕ್ಕೆ ಮೊದಲೇ ಬಂದುಬಿಡುತ್ತದೆ ಅಷ್ಟೆ.

ಸಂತಾನೋತ್ಪತ್ತಿಗಾಗಿ ಎರಡು ಸಲ ಒಡೆದು ಎಣಿಕೆ ಅರ್ಧಕ್ಕಿಳಿಸುವ ಮಿಯೋಸಿಸ್‌ನ ಮೊದಲ ವಿಭಜನೆಯಲ್ಲಿ ಸೆಂಟ್ರೋಮಿಯರ್‌ನ ಪಿನ್ ಮುಟ್ಟುವುದೇ ಇಲ್ಲ. ಒಂದೇ ಪಾಠದ ಅಪ್ಪನ ಕಟ್ಟು ಒಂದು ಕಡೆಗೆ, ಅಮ್ಮನ ಕಟ್ಟು ಇನ್ನೊಂದು ಕಡೆಗೆ. ಯಾವುದು ಎತ್ತ ಎಂಬುದು ಪಾಠಪಾಠಕ್ಕೂ ಬೇರೆ. 16 ಇದ್ದದ್ದು 8 ಆಗುವುದು ಇಲ್ಲೇ. ಎರಡನೆಯದರಲ್ಲಿ ಪಿನ್ ಕೀಳುತ್ತದೆ, ಕಾಗದ ಅರ್ಧವಾಗುತ್ತದೆ, ಎಣಿಕೆ 8 ಆಗಿಯೇ ಉಳಿಯುತ್ತದೆ. "ಎರಡು ಸಲ ಒಡೆದರೆ 4 ಅಲ್ವಾ?" ಎಂದು ಕೇಳುವವರನ್ನು ನಾನು ಬೋರ್ಡಿನ ಬಳಿ ಕರೆದು ಕಟ್ಟು ಎಣಿಸಲು ಹೇಳುತ್ತೇನೆ. ಒಂದು ಎಚ್ಚರಿಕೆ: ಬೇರೆಯಾಗುವ ಮೊದಲು ಈ ಅಪ್ಪ-ಅಮ್ಮನ ಕಟ್ಟುಗಳು ಜೊತೆ ಸೇರಿ ಕೆಲವು ಪುಟ ಅದಲುಬದಲು ಮಾಡಿಕೊಂಡಿರುತ್ತವೆ. ಹಾಗಾಗಿ ಎರಡನೆಯ ವಿಭಜನೆಯ ಹೊತ್ತಿಗೆ ಜೆರಾಕ್ಸ್ ಮೂಲದ ತದ್ರೂಪವಾಗಿ ಉಳಿದಿರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕಾಪು ಕಡೆಯ ಹುಡುಗನೊಬ್ಬ, ಹಿಂದಿನ ಬೆಂಚಿನವನು, "ನಮ್ಮ ತೋಟದ ನೇಂದ್ರ ಬಾಳೆಯಲ್ಲಿ ಬೀಜ ಯಾಕಿಲ್ಲ ಮೇಡಂ?" ಎಂದ. ನನಗೆ ಪಾಠವೇ ಮರೆತುಹೋಗುವಷ್ಟು ಖುಷಿ. ನೇಂದ್ರ ತ್ರಿಗುಣಿತ, 11 ಬಗೆಯ ವರ್ಣತಂತುಗಳು ಮೂರು ಮೂರು, ಒಟ್ಟು 33. ಮಿಯೋಸಿಸ್‌ಗೆ ಜೋಡಿ ಬೇಕು, ಮೂರರಲ್ಲಿ ಸರಿಯಾದ ಹಂಚಿಕೆ ಆಗುವುದಿಲ್ಲ, ಅಲ್ಲಿಗೆ ಬೀಜದ ದಾರಿ ಕೆಟ್ಟಿತು. (ಬೀಜವಿಲ್ಲದೆಯೂ ಕಾಯಿ ತುಂಬಿಕೊಳ್ಳುವುದು ಬಾಳೆಯ ಇನ್ನೊಂದು ಗುಣ; ಎಲ್ಲವನ್ನೂ ಮಿಯೋಸಿಸ್ ತಲೆಗೆ ಕಟ್ಟುವಂತಿಲ್ಲ.) ಮೈಟೋಸಿಸ್‌ಗೆ ಜೋಡಿಯ ಹಂಗಿಲ್ಲ, ಬುಡದಿಂದ ಚಿಗುರುವ ಕಂದು ಆರಾಮವಾಗಿ ಬೆಳೆಯುತ್ತದೆ. "ಹಾಗಾದ್ರೆ ಬಾಳೆಯ ಕೋಶ ಜಿ-2ರಲ್ಲಿ?" ಎಂದೆ. "ಮೂವತ್ತಮೂರೇ ಮೇಡಂ, ಪಿನ್ ಉಂಟಲ್ಲ" ಅಂದ. ಮುಂದಿನ ಬೆಂಚು ಆಗಿನ್ನೂ ಅರವತ್ತಾರು ಬರೆಯುತ್ತಿತ್ತು.

ಎಣಿಕೆಯಲ್ಲಿ ಎಡವುವುದು ಮಕ್ಕಳು ಮಾತ್ರ ಎಂದುಕೊಳ್ಳಬೇಡಿ. ಮನುಷ್ಯನಲ್ಲಿ 46 ವರ್ಣತಂತು ಎಂದು 1956ರಲ್ಲಿ ಟಿಯೊ ಮತ್ತು ಲೆವಾನ್ ಎಂಬ ಸಂಶೋಧಕರು ತೋರಿಸುವವರೆಗೆ ವಿಜ್ಞಾನಿಗಳೇ 48 ಎಂದು ನಂಬಿದ್ದರು.

ಅನುಮಾನ ಬಂದಾಗ ಸೆಂಟ್ರೋಮಿಯರ್ ಎಣಿಸಿ, ಎಳೆ ಎಣಿಸಬೇಡಿ. ಸೆಂಟ್ರೋಮಿಯರ್ ಒಂದೇ ಕಡೆ ಇರದೆ ವರ್ಣತಂತುವಿನ ಉದ್ದಕ್ಕೂ ಹರಡಿರುವ ಕೆಲವು ಕೀಟ, ಸಸ್ಯಗಳೂ ಇವೆ. ಅವುಗಳ ಕತೆ ಬೇರೆ, ಪಿಯುಸಿಗೆ ಬೇಡ. ಪ್ರಶ್ನೆಯಲ್ಲಿ ಕೇಳಿದ್ದು ಡಿಎನ್‌ಎ ಪ್ರಮಾಣವೋ ವರ್ಣತಂತುವಿನ ಸಂಖ್ಯೆಯೋ ಎಂದು ಪೆನ್ಸಿಲಿನಿಂದ ಗೆರೆ ಎಳೆದ ಮೇಲೆಯೇ ಲೆಕ್ಕಕ್ಕೆ ಇಳಿಯಿರಿ. ನೀಟ್‌ನಲ್ಲಿ ಇದೊಂದನ್ನು ಅವಸರದಲ್ಲಿ ಓದಿದರೆ ಬರಬೇಕಾದ 4 ಅಂಕ ಹೋಗುವುದಲ್ಲದೆ ಕೈಯಲ್ಲಿದ್ದ 1 ಕೂಡ ಹೋಗುತ್ತದೆ.