ಅಪಠಿತ ಗದ್ಯ: ಎರಡು ಅಂಕಕ್ಕೆ ಎಷ್ಟು ಬರೆಯಬೇಕು?

ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡದ್ದು 100 ಅಂಕದ ಪತ್ರಿಕೆ. ಈಚಿನ ವರ್ಷಗಳ ಪತ್ರಿಕೆ ತೆಗೆದು ನೋಡಿ, ಅದರಲ್ಲಿ 4 ಅಂಕ ಅಪಠಿತ ಗದ್ಯಕ್ಕೆ, ಅಂದರೆ ಪಠ್ಯಪುಸ್ತಕದಲ್ಲಿಲ್ಲದ, ಪತ್ರಿಕೆಯಲ್ಲೇ ಓದಲು ಕೊಡುವ ಗದ್ಯಕ್ಕೆ. ಎರಡು ಪ್ರಶ್ನೆ, ತಲಾ ಎರಡು ಅಂಕ. ಬಾಯಿಪಾಠ ಏನೂ ಬೇಡ, ಉತ್ತರ ಕಣ್ಣೆದುರೇ ಇರುತ್ತದೆ. ಆದರೂ ಅಂಕ ಹೋಗುತ್ತದೆ. ನನಗೂ ಹೋಗಿತ್ತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಏಳು ಸಾಲು ಬರೆದಿದ್ದೆ. ಅಂದರೆ ಗದ್ಯದ ಅರ್ಧವನ್ನು ಸುಮ್ನೆ ಇಳಿಸಿದ್ದೆ. ಮೇಷ್ಟ್ರು ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘ಉತ್ತರ ಯಾವುದು?’ ಅಂತ ಬರೆದು ಒಂದು ಅಂಕ ಕೊಟ್ಟಿದ್ದರು.

ಒಂದು ಗದ್ಯ ನೋಡೋಣ. ಅಭ್ಯಾಸಕ್ಕೆ ನಾನೇ ಬರೆದದ್ದು:

“ಹಿಂದೆ ಕೆರೆಯ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ತೂಬು ತೆರೆಯುವುದು, ಮುಚ್ಚುವುದು ಅವನದೇ ಕೆಲಸ. ಮಳೆ ಕಡಿಮೆಯಾದ ವರ್ಷವೂ ಕೊನೆಯ ಗದ್ದೆಗೆ ನೀರು ಮುಟ್ಟುವಂತೆ ನೋಡಿಕೊಳ್ಳುತ್ತಿದ್ದ. ತನ್ನ ಗದ್ದೆಗೂ ಸರದಿ ಬಂದಾಗಲೇ ನೀರು ಬಿಡುತ್ತಿದ್ದ. ಸುಗ್ಗಿಯಲ್ಲಿ ರೈತರು ಅವನಿಗೆ ಧಾನ್ಯ ಕೊಡುತ್ತಿದ್ದರು. ಕೊಳವೆಬಾವಿಗಳು ಬಂದ ಮೇಲೆ ತೂಬಿನ ಕಡೆ ನೋಡುವವರು ಕಡಿಮೆಯಾದರು.”

ಪ್ರಶ್ನೆ: ನೀರುಗಂಟಿ ನ್ಯಾಯವಾಗಿ ನಡೆದುಕೊಳ್ಳುತ್ತಿದ್ದ ಎಂದು ಹೇಗೆ ಹೇಳುವಿರಿ?

‘ನ್ಯಾಯ’ ಅನ್ನುವ ಪದ ಗದ್ಯದಲ್ಲಿ ಎಲ್ಲೂ ಇಲ್ಲ. ಎಡವುವುದು ಇಲ್ಲೇ. ಒಬ್ಬರು ಆ ಪದ ಹುಡುಕಿ ಸಿಗದೆ ಮೊದಲ ಸಾಲಿನಿಂದ ಕಾಪಿ ಮಾಡುತ್ತಾರೆ. ಇನ್ನೊಬ್ಬರು “ನೀರು ಅಮೂಲ್ಯ, ಅದನ್ನು ಉಳಿಸಬೇಕು” ಅಂತ ಭಾಷಣ ಶುರು ಮಾಡುತ್ತಾರೆ. ಮಾತು ಸರಿಯೇ, ಆದರೆ ಅದನ್ನು ಯಾರೂ ಕೇಳಿಲ್ಲ ಅಲ್ವಾ? ಧಾನ್ಯದ ಸಾಲು ಬರೆಯುವವರೂ ಇದ್ದಾರೆ. ಅದು ಅವನಿಗೆ ಸಿಗುತ್ತಿದ್ದ ಕೂಲಿ, ಅವನ ನ್ಯಾಯಕ್ಕೆ ಸಾಕ್ಷಿ ಅಲ್ಲ.

ನಾನು ಈಗ ಬರೆದರೆ ಹೀಗೆ ಬರೆಯುತ್ತೇನೆ: “ಮಳೆ ಕಡಿಮೆಯಾದಾಗಲೂ ನೀರುಗಂಟಿ ಕೊನೆಯ ಗದ್ದೆಯವರೆಗೆ ನೀರು ಮುಟ್ಟಿಸುತ್ತಿದ್ದ. ತೂಬು ತನ್ನ ಕೈಯಲ್ಲೇ ಇದ್ದರೂ ತನ್ನ ಗದ್ದೆಗೆ ಸರದಿ ಬರುವವರೆಗೆ ಕಾಯುತ್ತಿದ್ದ. ಆದ್ದರಿಂದ ಅವನು ನ್ಯಾಯವಾಗಿ ನಡೆದುಕೊಳ್ಳುತ್ತಿದ್ದ ಎನ್ನಬಹುದು.” ಎರಡು ಅಂಕಕ್ಕೆ ಎರಡು ಸಾಕ್ಷಿ, ಮುಗಿಯಿತು. ‘ತೂಬು ತನ್ನ ಕೈಯಲ್ಲೇ ಇದ್ದರೂ’ ಅನ್ನುವ ಜೋಡಣೆ ಮಾತ್ರ ನನ್ನದು. ಎರಡು ಬೇರೆ ಬೇರೆ ಸಾಲುಗಳನ್ನು ಓದಿ ಕೂಡಿಸಿದ್ದೇನೆ ಅಂತ ಅದರಿಂದ ಗೊತ್ತಾಗುತ್ತದೆ.

ಪ್ರಶ್ನೆಯ ಪದ ನೋಡಿಕೊಂಡೇ ವಾಕ್ಯ ಮುಗಿಸಿ. ‘ಏಕೆ’ ಅಂದರೆ ಉತ್ತರದಲ್ಲಿ ‘-ದ್ದರಿಂದ’ ಅಥವಾ ‘ಕಾರಣ’ ಬರಲೇಬೇಕು. ‘ಯಾರು’, ‘ಎಲ್ಲಿ’ಗೆ ಒಂದು ವಾಕ್ಯ ಸಾಕು. ‘ಹೇಗೆ ಹೇಳುವಿರಿ’ ಅಂದರೆ ಸಾಕ್ಷಿ ಕೊಡಿ ಅಂತಲೇ ಅರ್ಥ.

‘ನಿಮ್ಮ ಅಭಿಪ್ರಾಯವೇನು’ ಅಂದಾಗ ಜಾಸ್ತಿ ಗಾಬರಿ. ಯಾವ ಅಭಿಪ್ರಾಯ ಬರೆದರೆ ಅಂಕ ಸಿಗುತ್ತದೆ ಅಂತ ತಲೆ ಕೆಡಿಸಿಕೊಳ್ಳುತ್ತೇವೆ. 15 ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಸುವ ಪೀಸಾ ಪರೀಕ್ಷೆಯ ಒಂದು ಹಳೆಯ ಪ್ರಶ್ನೆ ಇದೆ. ಗೋಡೆ ಮೇಲೆ ಚಿತ್ರ ಬರೆಯುವುದರ ಬಗ್ಗೆ ಎರಡು ಪತ್ರ. ಒಂದರಲ್ಲಿ ಕೋಪ, ಇನ್ನೊಂದರಲ್ಲಿ ಸಮರ್ಥನೆ. ನೀವು ಯಾರ ಕಡೆ ಅಂತ ಪ್ರಶ್ನೆ. ಯಾರ ಕಡೆಯಾದರೂ ಅಂಕ ಇದೆ. ಆದರೆ ಪತ್ರದಲ್ಲಿರುವ ಮಾತನ್ನು ಹಿಡಿದು ಕಾರಣ ಕೊಡಬೇಕು. “ನನಗೆ ಇದು ಸರಿ ಅನ್ನಿಸುತ್ತದೆ” ಅಂದರೆ ಸೊನ್ನೆ. ನಮ್ಮ ಪತ್ರಿಕೆಯ ಅಭಿಪ್ರಾಯದ ಪ್ರಶ್ನೆಗೂ ಹೀಗೇ ಬರೆಯಿರಿ.

ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದುವುದಕ್ಕೇ ಮೊದಲು 15 ನಿಮಿಷ ಕೊಡುತ್ತಾರೆ. ಆಗ ಗದ್ಯಕ್ಕಿಂತ ಮುಂಚೆ ಅದರ ಕೆಳಗಿನ ಪ್ರಶ್ನೆ ಓದಿ. ಏನು ಹುಡುಕಬೇಕು ಅಂತ ಗೊತ್ತಿದ್ದು ಓದಿದರೆ ಎರಡನೇ ಸಲ ಓದುವ ಸಮಯ ಉಳಿಯುತ್ತದೆ.

ಅಭ್ಯಾಸ ಇಬ್ಬರು ಸೇರಿ ಮಾಡಿ. ನ್ಯೂಸ್‌ಪೇಪರ್‌ನಿಂದ ಒಂದು ಪ್ಯಾರಾ ಆರಿಸಿ, ಪ್ರಶ್ನೆ ಮಾಡಿ, ಉತ್ತರ ಬರೆಯಿರಿ. ಗೆಳತಿಗೋ ಗೆಳೆಯನಿಗೋ ಪ್ರಶ್ನೆ, ಉತ್ತರ ಎರಡನ್ನೇ ಕೊಡಿ, ಪ್ಯಾರಾ ಕೊಡಬೇಡಿ. ಓದಿ “ಅವನು ಅಂದ್ರೆ ಯಾರು?” ಅಂತ ಕೇಳಿದರೆ, ಆ ‘ಅವನು’ ಹೊಡೆದು ಹಾಕಿ ಹೆಸರು ಬರೆಯಿರಿ.